ಹಾಲು ಮತ್ತು ಮಿಂಚುಹುಳು

ನಮ್ಮ ಬಸವಕಲ್ಯಾಣ, ಹುಮನಾಬಾದುಗಳ ಸೀಮೆ ದೇವಣಿ ದನಗಳ ಸೀಮೆ. ಗಡಿಯಾಚೆಗಿರುವ ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನಿಂದ ಹೆಸರು ಪಡೆದ ಈ ತಳಿ ಉಳುಮೆಗೂ ಆದೀತು, ಹಾಲಿಗೂ ಆದೀತು. ಬಿಳಿಯ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಉಬ್ಬಿದ ಹಣೆ, ಜೋಲುವ ಕಿವಿ: ಸಂತೆಯಲ್ಲಿ ನೂರು ದನಗಳ ನಡುವೆ ನಿಂತರೂ ಗುರುತು ಸಿಗುತ್ತದೆ. ಹೀಗೆ ದನವನ್ನು ಮನೆಯ ಮಗುವಿನಂತೆ ಸಾಕಿ, ಹಾಲನ್ನು ಅಮೃತವೆಂದು ಕರೆಯುವ ನಾಡಿನಲ್ಲಿಯೇ, ಹಾಲು ಕುಡಿದ ಗಳಿಗೆಯೊಳಗೆ ಹೊಟ್ಟೆ ಗುಡುಗುಡಿಸಿ, ಉಬ್ಬರಿಸಿ, ಬಾಧೆಪಡುವ ಜನರೂ ಇದ್ದಾರೆ. ಅವರಿಗೆ ಮೊಸರು ಒಗ್ಗುತ್ತದೆ, ಮಜ್ಜಿಗೆ ಒಗ್ಗುತ್ತದೆ. ಹಾಲು ಮಾತ್ರ ಒಗ್ಗುವುದಿಲ್ಲ. ಅಂಥವರು ಮನೆಯಲ್ಲಿದ್ದರೆ ಹಿರಿಯರು ಏನು ಹೇಳುವರೆಂಬುದು ನಿಮಗೆ ಗೊತ್ತೇ ಇದೆ. ಹುಡುಗನಾದರೆ "ಹಟಮಾರಿ, ಹಾಲು ಬೇಡವೆನ್ನಲು ನೆವ ಹೂಡುತ್ತಾನೆ" ಎನ್ನುವರು. ಮುದುಕರಾದರೆ "ಜೀರ್ಣಶಕ್ತಿ ಕುಂದಿತು" ಎನ್ನುವರು. ಎರಡೂ ಮಾತು ಸರಿಯಲ್ಲ. ಸರಿಯಾದ ಕಾರಣವನ್ನು ಕಂಡುಹಿಡಿಯುವುದರಲ್ಲಿ ನೆರವಾದದ್ದು ಮಳೆಗಾಲದ ಇರುಳಿನಲ್ಲಿ ಬೇಲಿಯ ಮೇಲೆ ಮಿನುಗುವ ಮಿಂಚುಹುಳು ಎಂದರೆ ನೀವು ಒಡನೆ ನಂಬಲಾರಿರಿ. ಆ ವೃತ್ತಾಂತವನ್ನು ಇಲ್ಲಿ ಹೇಳುತ್ತೇನೆ.

ಹಾಲಿನ ಸಿಹಿಗೆ ಕಾರಣ ಅದರಲ್ಲಿರುವ ಒಂದು ಬಗೆಯ ಸಕ್ಕರೆ. ಅದರ ಹೆಸರು ಲ್ಯಾಕ್ಟೋಸ್. ನೂರು ಗ್ರಾಮು ಹಸುವಿನ ಹಾಲಿನಲ್ಲಿ ಇದು ಸುಮಾರು 5 ಗ್ರಾಮಿನಷ್ಟಿರುತ್ತದೆ. ಇದು ಇದ್ದ ರೂಪದಲ್ಲಿಯೇ ರಕ್ತಕ್ಕೆ ಸೇರಲಾರದು. ಸಣ್ಣ ಕರುಳಿನಲ್ಲಿ ಎರಡು ತುಂಡಾಗಬೇಕು. ತುಂಡರಿಸುವ ಕೆಲಸ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಕಿಣ್ವವು ಸಾಕಷ್ಟಿಲ್ಲದಿದ್ದರೆ ಸಕ್ಕರೆಯು ಒಡೆಯದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಅನಿಲವನ್ನು ಬಿಡುತ್ತವೆ. ಗುಡುಗುಡು ಸದ್ದಿನ ಮೂಲ ಇದೇ. ಹಾಲು ಮೊಸರಾಗುವಾಗ ಈ ಸಕ್ಕರೆಯ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಗಳು ಮೊದಲೇ ಹುಳಿಯನ್ನಾಗಿ ಮಾರ್ಪಡಿಸಿರುತ್ತವೆ. ಉಳಿದುದನ್ನು ಒಡೆಯಲು ತಮ್ಮ ಕಿಣ್ವವನ್ನೂ ಜೊತೆಗೆ ತರುತ್ತವೆ. ಹಾಲು ಒಗ್ಗದವರಿಗೆ ಮಜ್ಜಿಗೆ ಒಗ್ಗುವುದು ಇದರಿಂದ. ನಮ್ಮ ಅಜ್ಜಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಉಪಾಯ ಮಾತ್ರ ಗೊತ್ತಿತ್ತು.

ಎಳೆಯ ಕೂಸಿಗೆ ತಾಯಿಯ ಹಾಲೇ ಆಹಾರವಾದುದರಿಂದ ಎಲ್ಲ ಕೂಸುಗಳ ಕರುಳಿನಲ್ಲಿಯೂ ಲ್ಯಾಕ್ಟೇಸ್ ಧಾರಾಳವಾಗಿರುತ್ತದೆ. ಹಾಲು ಬಿಟ್ಟ ಮೇಲೆ ಅದು ಕ್ರಮೇಣ ಇಳಿದುಹೋಗುವುದು ಸಸ್ತನಿಗಳ ಸಾಮಾನ್ಯ ಧರ್ಮ. ಬೆಕ್ಕು, ಇಲಿಗಳಲ್ಲಿಯೂ ಹೀಗೆಯೇ. ಲೋಕದ ಮನುಷ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಈ ಹಳೆಯ ಧರ್ಮವನ್ನೇ ಪಾಲಿಸುತ್ತಾರೆ. ಉಳಿದ ಒಂದು ಪಾಲಿನವರಲ್ಲಿ ಮಾತ್ರ ಲ್ಯಾಕ್ಟೇಸ್ ಮುಪ್ಪಿನವರೆಗೂ ಉತ್ಪತ್ತಿಯಾಗುತ್ತಲೇ ಇರುತ್ತದೆ. ಎಂದರೆ ವಿಶೇಷ ಸಂಗತಿ ಹಾಲು ಒಗ್ಗದಿರುವುದಲ್ಲ. ಬೆಳೆದ ಮೇಲೂ ಒಗ್ಗುವುದೇ ವಿಶೇಷ!

ಈ ಇಬ್ಬರು ಮನುಷ್ಯರ ನಡುವಣ ಭೇದ ಎಲ್ಲಿದೆ? ಕಿಣ್ವವನ್ನು ಹೇಗೆ ಕಟ್ಟಬೇಕೆಂಬ ಆಜ್ಞೆ ನಮ್ಮ ಜೀವಕೋಶಗಳೊಳಗಿನ ಡಿ.ಎನ್.ಎ. ಎಂಬ ಎಳೆಯಲ್ಲಿ ಬರೆದಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಆ ಬರಹ ಮನುಷ್ಯನಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದವಾಗಿದೆ. ಅದರಲ್ಲಿ ಪ್ರೋಟೀನುಗಳ ರಚನೆಯನ್ನು ಹೇಳುವ ವಂಶವಾಹಿಗಳು ಸುಮಾರು 20 ಸಾವಿರ. ಕಣ್ಣಿನ ಜೀವಕೋಶದಲ್ಲಿರುವ ಗ್ರಂಥವೇ ಕರುಳಿನ ಜೀವಕೋಶದಲ್ಲಿಯೂ ಇದೆ. ಆದರೂ ಕಣ್ಣಿನಲ್ಲಿ ಲ್ಯಾಕ್ಟೇಸ್ ಹುಟ್ಟುವುದಿಲ್ಲ. ಏಕೆಂದರೆ ಪ್ರತಿಯೊಂದು ವಂಶವಾಹಿಗೂ ಅದನ್ನು ಯಾವಾಗ, ಎಲ್ಲಿ, ಎಷ್ಟು ಓದಬೇಕೆಂದು ನಿರ್ಧರಿಸುವ ಡಿ.ಎನ್.ಎ. ತುಣುಕುಗಳಿವೆ. ವಂಶವಾಹಿಯ ಹೊಸ್ತಿಲಲ್ಲಿಯೇ ಇರುವ ತುಣುಕಿಗೆ ಪ್ರವರ್ತಕವೆಂದೂ, ದೂರದಲ್ಲಿದ್ದುಕೊಂಡು ಅದರ ಕೆಲಸವನ್ನು ಹೆಚ್ಚಿಸುವ ತುಣುಕಿಗೆ ವರ್ಧಕವೆಂದೂ ಹೆಸರು. ಇವನ್ನು ಒಟ್ಟಾಗಿ ಸ್ವಿಚ್ಚು ಎಂದುಕೊಂಡರೆ ತಿಳಿಯಲು ಸುಲಭ.

ಹಾಲು ಒಗ್ಗುವವರಲ್ಲಿಯೂ ಒಗ್ಗದವರಲ್ಲಿಯೂ ಲ್ಯಾಕ್ಟೇಸಿನ ವಂಶವಾಹಿ ಸರಿಯಾಗಿಯೇ ಇದೆ ಎಂಬುದು ಮೊದಲು ಗೊತ್ತಾಯಿತು. ಹಾಗಾದರೆ ಭೇದವು ಸ್ವಿಚ್ಚಿನಲ್ಲಿರಬೇಕು. 2002ರಲ್ಲಿ ಫಿನ್ಲೆಂಡಿನ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಲ್ಯಾಕ್ಟೇಸ್ ವಂಶವಾಹಿಯ ಆರಂಭದಿಂದ 13,910 ಅಕ್ಷರಗಳಷ್ಟು ಹಿಂದೆ, ನೆರೆಯ ಇನ್ನೊಂದು ವಂಶವಾಹಿಯ ಒಡಲೊಳಗೆ, ಹಾಲು ಒಗ್ಗದವರಲ್ಲಿ ಸಿ ಎಂಬ ಅಕ್ಷರವಿತ್ತು. ಒಗ್ಗುವವರಲ್ಲಿ ಟಿ ಇತ್ತು. ಇಷ್ಟೇ ಭೇದ. ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದು!

ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ಕೋಳಿ ಕೂಗಿದಾಗ ಬೆಳಗಾಗುತ್ತದೆ, ಕೋಳಿಯಿಂದಲೇ ಬೆಳಗಾಯಿತೆ? ಅಷ್ಟು ದೂರದಲ್ಲಿರುವ ಒಂದಕ್ಷರ ಲ್ಯಾಕ್ಟೇಸಿನ ವಂಶವಾಹಿಯನ್ನು ನಿಜವಾಗಿಯೂ ಚುರುಕುಗೊಳಿಸುತ್ತದೆಯೆ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕಾಗಿತ್ತು. ಹೇಗೆ ಪರೀಕ್ಷಿಸುವುದು? ಇದಕ್ಕೆ ನಮ್ಮ ಹೊಲಗಳಿಂದಲೇ ಒಂದು ಹೋಲಿಕೆ ಕೊಡಬಹುದು. ಕೊಳವೆಬಾವಿಯ ಮೋಟರು ನೆಲದೊಳಗೆ ಆಳದಲ್ಲಿದೆ. ನೀರು ಬರುತ್ತಿಲ್ಲ. ದೋಷ ಸ್ವಿಚ್ಚಿನದೋ ಮೋಟರಿನದೋ ತಿಳಿಯದು. ಆಗ ವಿದ್ಯುತ್ ಕೆಲಸದವನು ಮೋಟರನ್ನು ಮೇಲೆತ್ತಲು ಹೋಗದೆ, ಅದೇ ಸ್ವಿಚ್ಚಿನ ತಂತಿಗೆ ಒಂದು ಬಲ್ಬನ್ನು ತಗುಲಿಸಿ ನೋಡುತ್ತಾನೆ. ಬಲ್ಬು ಹೊತ್ತಿದರೆ ಸ್ವಿಚ್ಚು ಸರಿ; ಮಂಕಾಗಿ ಹೊತ್ತಿದರೆ ಸ್ವಿಚ್ಚಿನಲ್ಲಿ ಏನೋ ಕೊರತೆ. ವಂಶವಾಹಿಗಳ ವಿಷಯದಲ್ಲಿಯೂ ವಿಜ್ಞಾನಿಗಳು ಮಾಡುವುದು ಇದನ್ನೇ. ಅವರ ಬಲ್ಬು ಮಿಂಚುಹುಳುವಿನಿಂದ ಬಂದದ್ದು.

ಖದ್ಯೋತವೆಂದು ಸಂಸ್ಕೃತದಲ್ಲಿ ಹೆಸರಾದ ಈ ಹುಳುವಿನ ಬೆಳಕು ಸುಡುವುದಿಲ್ಲ. ದೀಪದ ಕುಡಿಯನ್ನು ಮುಟ್ಟಲಾರಿರಿ. ಮಿಂಚುಹುಳುವನ್ನು ಅಂಗೈಯಲ್ಲಿ ಹಿಡಿಯಬಲ್ಲಿರಿ. 1880ರ ದಶಕದಲ್ಲಿ ರಫಾಯೆಲ್ ದುಬ್ವಾ ಎಂಬ ಫ್ರೆಂಚ್ ವಿಜ್ಞಾನಿ ಬೆಳಗುವ ಜೀರುಂಡೆಯೊಂದನ್ನೂ, ಬೆಳಗುವ ಕಡಲಚಿಪ್ಪಿನ ಪ್ರಾಣಿಯೊಂದನ್ನೂ ತೆಗೆದುಕೊಂಡು ಸರಳವಾದ ಪ್ರಯೋಗ ಮಾಡಿದನು. ಬೆಳಗುವ ಅಂಗವನ್ನು ತಣ್ಣೀರಿನಲ್ಲಿ ಅರೆದಾಗ ಆ ರಸ ಸ್ವಲ್ಪ ಹೊತ್ತು ಬೆಳಗಿ ಆರಿಹೋಯಿತು. ಬಿಸಿನೀರಿನಲ್ಲಿ ಅರೆದ ರಸ ಬೆಳಗಲೇ ಇಲ್ಲ. ಆರಿದ ತಣ್ಣನೆಯ ರಸಕ್ಕೆ, ತಣಿದ ಬಿಸಿನೀರಿನ ರಸವನ್ನು ಬೆರೆಸಿದೊಡನೆ ಬೆಳಕು ಮತ್ತೆ ಮೂಡಿತು! ಉರಿದು ತೀರುವ ಎಣ್ಣೆಯಂಥ ವಸ್ತು ಒಂದು, ಬಿಸಿಗೆ ಕೆಡುವ ಕಿಣ್ವ ಇನ್ನೊಂದು, ಎರಡೂ ಕೂಡಿದರೆ ಬೆಳಕು ಎಂದು ಆತನು ತೀರ್ಮಾನಿಸಿದನು. ಮೊದಲನೆಯದಕ್ಕೆ ಲೂಸಿಫೆರಿನ್ ಎಂದೂ ಎರಡನೆಯದಕ್ಕೆ ಲೂಸಿಫೆರೇಸ್ ಎಂದೂ ಹೆಸರಿಟ್ಟನು.

ಮುಂದಿನ ದೊಡ್ಡ ಹೆಜ್ಜೆ 1947ರದು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿದ್ದ ವಿಲಿಯಂ ಮ್ಯಾಕೆಲ್ರಾಯ್, ಈ ಬೆಳಕಿಗೆ ಎ.ಟಿ.ಪಿ. ಎಂಬ ವಸ್ತುವೂ ಬೇಕೆಂದು ತೋರಿಸಿದನು. ಎ.ಟಿ.ಪಿ. ಎಂದರೆ ಎಲ್ಲ ಜೀವಿಗಳ ಜೀವಕೋಶಗಳಲ್ಲಿಯೂ ಚಲಾವಣೆಯಲ್ಲಿರುವ ಶಕ್ತಿಯ ನಾಣ್ಯ. ಆತನಿಗೆ ಸಂಶೋಧನೆಗಾಗಿ ರಾಶಿ ರಾಶಿ ಹುಳುಗಳು ಬೇಕಾಗಿದ್ದುವು. ಪ್ರಯೋಗಶಾಲೆಯಲ್ಲಿ ಕುಳಿತ ಪಂಡಿತರು ಎಷ್ಟೆಂದು ಹಿಡಿದಾರು? ಆತನು ಊರಿನ ಹುಡುಗರಿಗೆ ನೂರು ಹುಳುಗಳಿಗೆ 25 ಸೆಂಟಿನಂತೆ ಕೂಲಿ ಗೊತ್ತುಮಾಡಿದನು. ಸಂಜೆಯಾದೊಡನೆ ಮಕ್ಕಳು ಶೀಶೆಗಳನ್ನು ಹಿಡಿದು ಹೊರಟರು. ನಿಮ್ಮ ವಯಸ್ಸಿನ, ನಿಮಗಿಂತ ಚಿಕ್ಕ ವಯಸ್ಸಿನ ಮಕ್ಕಳು ತುಂಬಿಕೊಟ್ಟ ಆ ಶೀಶೆಗಳ ಮೇಲೆಯೇ ಈ ಶಾಸ್ತ್ರದ ಬಹುಭಾಗ ನಿಂತಿದೆ.

ಹುಳುಗಳನ್ನು ಹಿಡಿದು ಅರೆಯುವ ಕಾಲ ಎಂದೆಂದಿಗೂ ನಡೆಯುವಂತಿರಲಿಲ್ಲ. 1985ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೆಗೋದಲ್ಲಿ ಮಾರ್ಲೀನ್ ಡಿಲೂಕ, ಡೊನಾಲ್ಡ್ ಹೆಲಿನ್ಸ್ಕಿ ಮತ್ತು ಅವರ ಸಂಗಡಿಗರು ಮಿಂಚುಹುಳುವಿನ ಲೂಸಿಫೆರೇಸ್ ಬರಹದ ಪ್ರತಿಯನ್ನು ಬೇರ್ಪಡಿಸಿ ಒಂದು ಬ್ಯಾಕ್ಟೀರಿಯಕ್ಕೆ ಸೇರಿಸಿದರು. ಬ್ಯಾಕ್ಟೀರಿಯವು ಆ ಕಿಣ್ವವನ್ನು ತಯಾರಿಸಿತು. 550 ಅಮೈನೊ ಆಮ್ಲಗಳ ಆ ಕಿಣ್ವಕ್ಕೆ ಬೇಕಾದ ಬರಹ ಸುಮಾರು 1,650 ಅಕ್ಷರಗಳಷ್ಟೆ. 1986ರಲ್ಲಿ ಅದೇ ಬರಹವನ್ನು ಪಡೆದ ಹೊಗೆಸೊಪ್ಪಿನ ಗಿಡವೊಂದು ಲೂಸಿಫೆರಿನ್ ಇರುವ ನೀರನ್ನು ಹೀರಿ ಕತ್ತಲಿನಲ್ಲಿ ಬೆಳಗಿತು. 1987ರಲ್ಲಿ ಸಸ್ತನಿಗಳ ಜೀವಕೋಶಗಳಲ್ಲಿಯೂ ಅದು ಕೆಲಸ ಮಾಡುತ್ತದೆಂದು ಇದೇ ತಂಡ ತೋರಿಸಿತು. ಬಲ್ಬು ಸಿದ್ಧವಾಯಿತು.

ಇನ್ನು ಬಲ್ಬನ್ನು ತಗುಲಿಸುವ ಬಗೆ. ಬ್ಯಾಕ್ಟೀರಿಯಗಳಲ್ಲಿ ಅವುಗಳ ಮುಖ್ಯ ಡಿ.ಎನ್.ಎ. ಅಲ್ಲದೆ ಸಣ್ಣ ಬಳೆಯಾಕಾರದ ಡಿ.ಎನ್.ಎ. ತುಂಡುಗಳೂ ಇರುವುದುಂಟು. ಇವೇ ಪ್ಲಾಸ್ಮಿಡ್‌ಗಳು. ಬಳೆಯನ್ನು ಒಂದೆಡೆ ಕತ್ತರಿಸಿ, ಬೇಕಾದ ತುಣುಕನ್ನು ಸೇರಿಸಿ, ಮತ್ತೆ ಬೆಸೆಯಬಹುದು. ವಿಜ್ಞಾನಿಗಳು ಇಂಥ ಬಳೆಯಲ್ಲಿ ಲೂಸಿಫೆರೇಸಿನ ಬರಹವನ್ನು ಕೂರಿಸಿ, ಅದರ ಮುಂದೆ ತಾವು ಪರೀಕ್ಷಿಸಬೇಕೆಂದಿರುವ ಸ್ವಿಚ್ಚನ್ನು ಜೋಡಿಸುತ್ತಾರೆ. ಬ್ಯಾಕ್ಟೀರಿಯದಲ್ಲಿ ಈ ಬಳೆಯನ್ನು ಕೋಟಿಗಟ್ಟಲೆ ಬೆಳೆಸಿ, ಶುದ್ಧಿಮಾಡಿ, ಕೊಬ್ಬಿನಂಥ ಅಣುಗಳ ಮರೆಯಲ್ಲಿಟ್ಟು ಸಸ್ತನಿಯ ಜೀವಕೋಶಗಳೊಳಕ್ಕೆ ದಾಟಿಸುತ್ತಾರೆ. ಆಮೇಲೆ ಒಂದೆರಡು ದಿನ ಕಾಯಬೇಕು. ಸ್ವಿಚ್ಚು ಬಲವಾದದ್ದಾಗಿದ್ದರೆ ಜೀವಕೋಶವು ಹೆಚ್ಚು ಲೂಸಿಫೆರೇಸನ್ನು ತಯಾರಿಸುತ್ತದೆ, ದುರ್ಬಲವಾಗಿದ್ದರೆ ಕಡಮೆ. ಕೊನೆಗೆ ಜೀವಕೋಶಗಳನ್ನು ಒಡೆದು ಆ ರಸಕ್ಕೆ ಲೂಸಿಫೆರಿನ್ನನ್ನೂ ಎ.ಟಿ.ಪಿ.ಯನ್ನೂ ಬೆರೆಸಿದರೆ ಹಳದಿ ಹಸುರು ಬೆಳಕು ಹೊರಡುತ್ತದೆ. ಕಣ್ಣಿಗೆ ಕಾಣದಷ್ಟು ಕ್ಷೀಣವಾದರೂ ಅದನ್ನು ಅಳೆಯುವ ಯಂತ್ರವಿದೆ. ಹೀಗೆ ಸ್ವಿಚ್ಚಿನ ಸಮಾಚಾರವನ್ನು ಹೊರಗಿನ ಲೋಕಕ್ಕೆ ತಿಳಿಸುವುದರಿಂದ ಲೂಸಿಫೆರೇಸಿನ ಬರಹಕ್ಕೆ ಇಲ್ಲಿ ವರದಿಗಾರ ವಂಶವಾಹಿ ಎಂಬ ಹೆಸರು ಬಂದಿದೆ.

ಈ ವರದಿಗಾರನಲ್ಲಿ ಎರಡು ಗುಣಗಳಿವೆ. ಸಸ್ತನಿಗಳ ಜೀವಕೋಶಗಳಿಗೆ ತಮ್ಮದೇ ಆದ ಇಂಥ ಬೆಳಕಿಲ್ಲ. ಆದುದರಿಂದ ಕಂಡ ಬೆಳಕೆಲ್ಲ ಪ್ಲಾಸ್ಮಿಡ್ಡಿನದೇ. ಮತ್ತೊಂದು, ಜೀವಕೋಶದೊಳಗೆ ಲೂಸಿಫೆರೇಸ್ ಬಹಳ ಕಾಲ ಉಳಿಯುವುದಿಲ್ಲ. ಸುಮಾರು ಮೂರು ಗಂಟೆಗಳಲ್ಲಿ ಅರ್ಧದಷ್ಟು ನಾಶವಾಗುತ್ತದೆ. ನಿನ್ನೆಯ ಸುದ್ದಿಯನ್ನು ಇಂದಿನದೆಂದು ಹೇಳುವ ಭಯ ಅಷ್ಟರ ಮಟ್ಟಿಗೆ ಕಡಮೆ.

ಆದರೂ ಒಬ್ಬನೇ ಸಾಕ್ಷಿಯ ಮಾತನ್ನು ನಂಬುವುದು ಹೇಗೆ? ಒಂದು ತಟ್ಟೆಯ ಜೀವಕೋಶಗಳಿಗೆ ಹೆಚ್ಚು ಬಳೆಗಳು ಹೊಕ್ಕಿರಬಹುದು, ಇನ್ನೊಂದಕ್ಕೆ ಕಡಮೆ. ಒಂದರಲ್ಲಿ ಜೀವಕೋಶಗಳು ಹೆಚ್ಚು ಸತ್ತಿರಬಹುದು. ಆಗ ಬೆಳಕಿನ ಹೆಚ್ಚುಕಡಮೆಗೆ ಸ್ವಿಚ್ಚು ಕಾರಣವಾಗಿರದು. ಇಲ್ಲಿ ನಮ್ಮ ಕಲ್ಯಾಣದ ನೆನಪಾಗುತ್ತದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಆ ರಾಜಧಾನಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನವನ್ನು ಬರೆದನು. ನ್ಯಾಯಸ್ಥಾನದಲ್ಲಿ ಸಾಕ್ಷಿಗಳು ಮೂವರಿಗಿಂತ ಕಡಮೆಯಿರಬಾರದೆಂಬುದು ಆ ಸ್ಮೃತಿಯ ವಿಧಿ. ಪ್ರಯೋಗಶಾಲೆಯವರು ಮಿತಾಕ್ಷರವನ್ನು ಓದಿದವರಲ್ಲ. ಆದರೂ ಅದೇ ವಿವೇಕ ಅವರಲ್ಲಿ ಕಾಣುತ್ತದೆ. ಸ್ವಿಚ್ಚೇ ಇಲ್ಲದ ಬರಿಯ ಬಳೆಯನ್ನು ಬೇರೊಂದು ತಟ್ಟೆಗೆ ಹಾಕಿ, ಅದು ಎಷ್ಟು ಬೆಳಗುತ್ತದೆಂದು ನೋಡುತ್ತಾರೆ. ಪ್ರತಿಯೊಂದು ಅಳತೆಯನ್ನೂ ಮೂರು ಮೂರು ತಟ್ಟೆಗಳಲ್ಲಿ ಮಾಡುತ್ತಾರೆ. ಇನ್ನೊಂದು ಉಪಾಯ ಬಹಳ ಜಾಣತನದ್ದು: ರೆನಿಲ್ಲ ಎಂಬ ಕಡಲಜೀವಿಯ ಲೂಸಿಫೆರೇಸನ್ನು, ಎಂದೂ ಒಂದೇ ಪ್ರಮಾಣದಲ್ಲಿ ಕೆಲಸ ಮಾಡುವ ಸ್ವಿಚ್ಚಿಗೆ ಜೋಡಿಸಿ, ಎಲ್ಲ ತಟ್ಟೆಗಳಿಗೂ ಜೊತೆಯಾಗಿ ಕಳುಹಿಸುತ್ತಾರೆ. ಅದು ಬೇರೆಯ ಇಂಧನವನ್ನು ಉರಿಸಿ ನೀಲಿಯ ಬೆಳಕನ್ನು ಕೊಡುತ್ತದೆ. ಮಿಂಚುಹುಳುವಿನ ಬೆಳಕನ್ನು ಈ ನೀಲಿಯ ಬೆಳಕಿನಿಂದ ಭಾಗಿಸಿದರೆ ತಟ್ಟೆತಟ್ಟೆಗಳ ನಡುವಣ ಏರುಪೇರು ಬಹುಮಟ್ಟಿಗೆ ಕಳೆದುಹೋಗುತ್ತದೆ. ತಕ್ಕಡಿಯಲ್ಲಿ ಧಾನ್ಯ ತೂಗುವ ಮೊದಲು ಚೀಲದ ತೂಕವನ್ನು ಕಳೆಯುವ ವ್ಯಾಪಾರಿಯ ಲೆಕ್ಕಕ್ಕೂ ಇದಕ್ಕೂ ಹತ್ತಿರದ ನಂಟಿದೆ.

ಈಗ ಹಾಲಿನ ಪ್ರಶ್ನೆಗೆ ಬರೋಣ. 2003ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಒಂದು ತಂಡ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಇನ್ನೊಂದು ತಂಡ, ಬೇರೆ ಬೇರೆಯಾಗಿ ಈ ಪ್ರಯೋಗವನ್ನು ಮಾಡಿದುವು. ಲ್ಯಾಕ್ಟೇಸಿನ ಪ್ರವರ್ತಕವನ್ನು ಲೂಸಿಫೆರೇಸಿನ ಮುಂದೆ ಜೋಡಿಸಿ, ಅದರೊಡನೆ 13,910ನೆಯ ಅಕ್ಷರವಿರುವ ತುಣುಕನ್ನೂ ಸೇರಿಸಿದರು. ಬಳೆಗಳು ಎರಡು ಬಗೆ: ಒಂದರಲ್ಲಿ ಸಿ, ಇನ್ನೊಂದರಲ್ಲಿ ಟಿ. ಉಳಿದುದೆಲ್ಲ ಒಂದೇ. ಮನುಷ್ಯನ ದೊಡ್ಡ ಕರುಳಿನ ಗಂತಿಯೊಂದರಿಂದ ತೆಗೆದು ಬೆಳೆಸಿಕೊಂಡು ಬಂದಿರುವ, ಆದರೆ ಸಣ್ಣ ಕರುಳಿನ ಜೀವಕೋಶಗಳಂತೆ ವರ್ತಿಸುವ ಕಾಕೋ-2 ಎಂಬ ಜೀವಕೋಶಗಳಿಗೆ ಅವನ್ನು ದಾಟಿಸಿದರು. ಟಿ ಇರುವ ಬಳೆ ಹೆಚ್ಚು ಬೆಳಗಿತು. ಎರಡೂ ಊರುಗಳಲ್ಲಿ ಅದೇ ಫಲ. ಅಷ್ಟು ದೂರದ ಒಂದಕ್ಷರ ಲ್ಯಾಕ್ಟೇಸಿನ ಸ್ವಿಚ್ಚನ್ನು ಬಲಪಡಿಸಬಲ್ಲುದೆಂಬುದಕ್ಕೆ ಮಿಂಚುಹುಳು ಸಾಕ್ಷಿ ನುಡಿಯಿತು.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಹುಮನಾಬಾದಿನ ಮೂಲಕ ಹಾದುಹೋಗುವ ಹೆದ್ದಾರಿಯನ್ನು ಹಿಡಿದು ಪೂರ್ವಕ್ಕೆ ಹೋದರೆ ಹೈದರಾಬಾದು ಸಿಗುತ್ತದೆ. ಅಲ್ಲಿ 1977ರಲ್ಲಿ ಸ್ಥಾಪನೆಯಾದ ಸಿ.ಸಿ.ಎಂ.ಬಿ. ಎಂಬ ಜೀವವಿಜ್ಞಾನದ ಸಂಶೋಧನ ಕೇಂದ್ರವಿದೆ. ಅಲ್ಲಿನ ಲಾಲ್‌ಜಿ ಸಿಂಗ್, ಕುಮಾರಸಾಮಿ ತಂಗರಾಜ್ ಮೊದಲಾದವರು ಹೊರದೇಶದ ವಿದ್ವಾಂಸರೊಡನೆ ಸೇರಿ ಭಾರತದ ಎರಡು ಸಾವಿರಕ್ಕೂ ಹೆಚ್ಚು ಜನರ ಡಿ.ಎನ್.ಎ.ಯಲ್ಲಿ ಈ ಭಾಗವನ್ನು ಓದಿ 2012ರಲ್ಲಿ ಫಲವನ್ನು ಪ್ರಕಟಿಸಿದರು. ಭಾರತೀಯರಲ್ಲಿರುವ ಟಿ ಅಕ್ಷರವೂ ಯೂರೋಪಿನವರಲ್ಲಿರುವ ಟಿ ಅಕ್ಷರವೂ ಒಂದೇ ಮೂಲದಿಂದ ಬಂದವೆಂದು ತಿಳಿಯಿತು. ದೇಶದ ವಾಯವ್ಯ ಭಾಗದಲ್ಲಿ ಅದು ಹೆಚ್ಚು. ದಕ್ಷಿಣಕ್ಕೂ ಪೂರ್ವಕ್ಕೂ ಸರಿದಂತೆ ಕಡಮೆ. ದನಗಾಹಿಗಳ ಸಮುದಾಯಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಒಂದೇ ಊರಿನಲ್ಲಿ, ಒಂದೇ ಪಂಕ್ತಿಯಲ್ಲಿ, ಎರಡು ಬಗೆಯವರೂ ಕುಳಿತು ಉಣ್ಣುತ್ತಿರುವುದು ಸಹಜವೇ. ಒಂದೇ ಮನೆಯಲ್ಲಿಯೂ ಹೀಗಾಗಬಹುದು. ಪ್ರತಿಯೊಬ್ಬರಲ್ಲಿಯೂ ಈ ಬರಹದ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಹಾಲು ಒಗ್ಗಲು ಒಂದು ಟಿ ಸಾಕು. ತಂದೆ ತಾಯಿಗಳಿಬ್ಬರಲ್ಲಿಯೂ ಒಂದು ಟಿ, ಒಂದು ಸಿ ಇದ್ದು, ಇಬ್ಬರಿಂದಲೂ ಸಿ ಪಡೆದ ಮಗು ಬೆಳೆದ ಮೇಲೆ ಹಾಲನ್ನು ತಾಳಿಕೊಳ್ಳದೆ ಹೋಗಬಹುದು. ಇದರಲ್ಲಿ ಹಟದ ಮಾತೆಲ್ಲಿ ಬಂತು?

ಹಾಗೆಂದು ಇದನ್ನೋದಿ ನಾಳೆಯಿಂದ ಯಾರೂ ಹಾಲಿನ ಲೋಟವನ್ನು ದೂಡಬೇಕಾಗಿಲ್ಲ. 2013ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಕೊಡುವಂಥ ಒಂದು ಲೋಟ ಹಾಲನ್ನು, ಲ್ಯಾಕ್ಟೇಸ್ ಕಡಮೆಯಿರುವವರಲ್ಲಿಯೂ ಬಹುಮಂದಿ ತೊಂದರೆಯಿಲ್ಲದೆ ಕುಡಿಯಬಲ್ಲರು. ನಿಜವಾಗಿಯೂ ಬಾಧೆಯಾಗುವವರು ವೈದ್ಯರನ್ನು ಕೇಳಬೇಕು. ಹೊಟ್ಟೆನೋವಿಗೆ ಬೇರೆ ಕಾರಣಗಳೂ ಇರುತ್ತವೆ.

ಆಫ್ರಿಕದ ವಿಷಯವನ್ನೂ ಇಲ್ಲಿ ಹೇಳಬೇಕು. ಕೀನ್ಯ, ಟಾಂಜಾನಿಯ, ಸುಡಾನ್ ದೇಶಗಳ ದನಗಾಹಿಗಳಿಗೆ ಹಾಲು ಚೆನ್ನಾಗಿ ಒಗ್ಗುತ್ತದೆ. ಆದರೆ ಅವರಲ್ಲಿ ಬಹುಮಂದಿಗೆ ಈ ಟಿ ಇಲ್ಲ. 2007ರಲ್ಲಿ ಅವರ ಡಿ.ಎನ್.ಎ.ಯನ್ನು ಓದಿದಾಗ ಅದೇ ತುಣುಕಿನಲ್ಲಿ, ತೀರ ಹತ್ತಿರದ ಜಾಗಗಳಲ್ಲಿ, ಬೇರೆ ಮೂರು ಅಕ್ಷರಗಳು ಬದಲಾಗಿರುವುದು ಕಂಡಿತು. ಅವನ್ನೂ ಲೂಸಿಫೆರೇಸಿನ ಬಳೆಗಳಲ್ಲಿಟ್ಟು ಪರೀಕ್ಷಿಸಿದರು. ಅವೂ ಬೆಳಕನ್ನು ಹೆಚ್ಚಿಸಿದುವು. ದನಗಳನ್ನು ಸಾಕಿ ಹಾಲನ್ನುಂಡ ಜನರಲ್ಲಿ, ಬೇರೆ ಬೇರೆ ನಾಡುಗಳಲ್ಲಿ, ಪ್ರಕೃತಿಯು ಬೇರೆ ಬೇರೆ ಅಕ್ಷರಗಳನ್ನು ತಿದ್ದಿ ಒಂದೇ ಸ್ವಿಚ್ಚನ್ನು ಬಲಪಡಿಸಿತ್ತು.

ಇಷ್ಟಾದರೂ ಈ ಸಾಕ್ಷಿ ಎಲ್ಲವನ್ನೂ ಹೇಳಲಾರದು. ತಟ್ಟೆಯಲ್ಲಿ ಬೆಳೆದ ಜೀವಕೋಶವು ಬಾಳುತ್ತಿರುವ ಮನುಷ್ಯನ ಕರುಳಲ್ಲ. ಪ್ಲಾಸ್ಮಿಡ್ಡು ಜೀವಕೋಶದ ವರ್ಣತಂತುಗಳಿಗೆ ಸೇರದೆ ಹೊರಗಿನ ಅತಿಥಿಯಂತೆ ಉಳಿಯುತ್ತದೆ. ಅದಲ್ಲದೆ ಸಿ ಇರುವವರ ಸ್ವಿಚ್ಚು ಬಾಲ್ಯದಲ್ಲಿ ಚೆನ್ನಾಗಿಯೇ ಕೆಲಸ ಮಾಡಿ, ಬೆಳೆದಂತೆ ಏಕೆ ಮಂಕಾಗುತ್ತದೆ ಎಂಬ ಪ್ರಶ್ನೆಗೆ ಬಳೆಯಿಂದ ಉತ್ತರ ಸಿಗಲಿಲ್ಲ. ಅದಕ್ಕೆ ಕರುಳಿನ ಜೀವಕೋಶಗಳನ್ನೇ ನೋಡಬೇಕಾಯಿತು. ವಯಸ್ಸು ಏರಿದಂತೆ, ಸಿ ಇರುವ ಎಳೆಯ ಮೇಲೆ ಈ ಸ್ವಿಚ್ಚಿನ ಸುತ್ತ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಕೂಡುತ್ತ ಹೋಗಿ, ವಂಶವಾಹಿಯ ಓದು ನಿಲ್ಲುತ್ತ ಬರುತ್ತದೆಂದೂ, ಟಿ ಇರುವ ಎಳೆ ಅದರಿಂದ ಪಾರಾಗುತ್ತದೆಂದೂ 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬ್ಯಾಕ್ಟೀರಿಯದಲ್ಲಿ ಬೆಳೆದ ಪ್ಲಾಸ್ಮಿಡ್ಡಿನ ಮೇಲೆ ಸಸ್ತನಿಗಳ ಆ ಗುರುತುಗಳು ಇರುವುದೇ ಇಲ್ಲ.